ನನ್ನ ಹೆಸರಿನಲ್ಲಿ ಕಲಿತವರು

ನಾನು ಬಹಳ ತರಬೇತಾದ ಮನುಷ್ಯ. ಹೀಗೆ ಹೇಳಿಕೊಳ್ಳುವುದರಲ್ಲಿ ಜಂಬವೇನಿಲ್ಲ, ದಾಖಲೆ ಇದೆ. ಕ್ಯಾತ್ಸಂದ್ರದ ನಮ್ಮ ಮನೆಯ ಬೀರುವಿನಲ್ಲಿ, ನನ್ನ ಹೆಂಡತಿಯ ರೇಷ್ಮೆ ಸೀರೆಗಳ ಕೆಳಗೆ ಒಂದು ದಪ್ಪ ಫೈಲು ಇದೆ. ಇಪ್ಪತ್ತೊಂಬತ್ತು ವರ್ಷಗಳ ಮೇಷ್ಟ್ರ ಕೆಲಸದಲ್ಲಿ ನಾನು ಗಳಿಸಿದ ಪ್ರಮಾಣಪತ್ರಗಳೆಲ್ಲ ಅದರಲ್ಲಿವೆ. ಗಣಿತವನ್ನು ಆಟದ ಮೂಲಕ ಕಲಿಸುವುದರಲ್ಲಿ ನಾನು ತರಬೇತಾಗಿದ್ದೇನೆ. ನಾನು ಕಲಿಸುವುದು ಸಮಾಜ ವಿಜ್ಞಾನ. ಕೈತೋಟ, ಯೋಗ, ರಸ್ತೆ ಸುರಕ್ಷತೆ, ಹದಿಹರೆಯದವರ ಸಮಸ್ಯೆ, ಮಳೆನೀರು ಕೊಯ್ಲು, ಬೆಂಕಿ ಆರಿಸುವುದು, ಎಲ್ಲದರಲ್ಲೂ ಆಗಿದ್ದೇನೆ. ಶಾಲೆಗೆ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತು ಎಂದು ಸರ್ಕಾರ ಸಹಿ ಹಾಕಿ ಹೇಳಿದೆ. ನನ್ನ ಹೆಂಡತಿ ಮಾತ್ರ ಗ್ಯಾಸ್ ಒಲೆ ಹಚ್ಚುವಾಗ ನನ್ನನ್ನು ಅಡುಗೆಮನೆಯಿಂದ ಹೊರಗೆ ಕಳಿಸುತ್ತಾಳೆ.

ಹಿಂದಿನ ತರಬೇತಿಗಳನ್ನು ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ತುಮಕೂರಿನಲ್ಲಿ ಆದರೆ ತಟ್ಟೆ ಇಡ್ಲಿ ಖಾತ್ರಿ. ಗುಬ್ಬಿಯಲ್ಲಾದರೆ ಕೊನೆಯ ದಿನ ಪಾಯಸ. ಕುಣಿಗಲಿನಲ್ಲಾದರೆ ಊಟದ ನಂತರ ಕೆರೆ ಏರಿಯ ಮೇಲೆ ಒಂದು ಸುತ್ತು, ಆಮೇಲೆ ಮಧ್ಯಾಹ್ನದ ಅವಧಿಯಲ್ಲಿ ಹಿಂದಿನ ಬೆಂಚಿನ ಮೇಲೆ ಒಂದು ಗಾಢವಾದ ಚಿಂತನೆ. ಹೋದ ತಕ್ಷಣ ಒಂದು ಪ್ಯಾಡು, ಎರಡನೆಯ ದಿನಕ್ಕೆ ಬರೆಯುವುದನ್ನು ನಿಲ್ಲಿಸುವ ಒಂದು ಪೆನ್ನು ಕೊಡುತ್ತಿದ್ದರು. ಆಮೇಲೆ ನಮ್ಮಲ್ಲಿ ಚೈತನ್ಯ ತುಂಬಲು ಒಂದು ಚಟುವಟಿಕೆ. ಬಿಪಿ, ಶುಗರು ಎರಡೂ ಇರುವ ಐವತ್ತು ದಾಟಿದ ಗಂಡಸರು ವೃತ್ತಾಕಾರದಲ್ಲಿ ನಿಂತು ಕಪ್ಪೆಯಂತೆ ಕುಪ್ಪಳಿಸಬೇಕು. ಆಮೇಲೆ ಗುಂಪು ಚರ್ಚೆ. ಗುಂಪಿನಲ್ಲಿ ಯಾರ ಅಕ್ಷರ ಗುಂಡಾಗಿದೆಯೋ ಅವರು ಚಾರ್ಟು ಬರೆಯುತ್ತಾರೆ, ಉಳಿದವರು ತಮ್ಮ ತಮ್ಮ ಮಕ್ಕಳ ಮದುವೆಯ ವಿಷಯ ಚರ್ಚಿಸುತ್ತಾರೆ. ಅಭಿಪ್ರಾಯ ಪತ್ರವನ್ನು ಮೊದಲ ದಿನ ಬೆಳಿಗ್ಗೆಯೇ ತುಂಬಿ ಇಟ್ಟುಕೊಂಡಿರುತ್ತಿದ್ದೆವು, ಕೊನೆಯ ದಿನ ಬಸ್ಸು ತಪ್ಪಬಾರದಲ್ಲ. ತರಬೇತಿ ಹೇಗಿತ್ತು ಎಂಬ ಪ್ರಶ್ನೆಗೆ ಎಲ್ಲರ ಉತ್ತರವೂ 'ಅತ್ಯುತ್ತಮ' ಎಂದೇ ಇರುತ್ತಿತ್ತು.

ನಮಗೆ ಹೇಳಿಕೊಡುತ್ತಿದ್ದವರು ಹಿಂದಿನ ವಾರ ಬೇರೆಯವರಿಂದ ಹೇಳಿಸಿಕೊಂಡವರು. ಅವರಿಗೆ ಹೇಳಿದವರು ಅದರ ಹಿಂದಿನ ವಾರ ಇನ್ನೊಬ್ಬರಿಂದ ಹೇಳಿಸಿಕೊಂಡವರು. ಮೇಲೆ ಎಲ್ಲೋ ಗಟ್ಟಿ ಹಾಲೇ ಇದ್ದಿರಬೇಕು. ನಮ್ಮ ಲೋಟಕ್ಕೆ ಬರುವ ಹೊತ್ತಿಗೆ ಅದು ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಆದರೂ ಕುಡಿದು, ಚಪ್ಪಾಳೆ ತಟ್ಟಿ, ಬ್ಯಾನರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಿದ್ದೆವು.

ಕೂಲಿಮಠದ ಕಾಲದ ಐಗಳಿಗೆ ಈ ಭಾಗ್ಯವಿರಲಿಲ್ಲ. ನಮ್ಮಜ್ಜ ಹೇಳುತ್ತಿದ್ದ ಪ್ರಕಾರ, ಆಗ ಮೇಷ್ಟ್ರ ಗುಣಮಟ್ಟ ಅಳೆಯಲು ಇದ್ದದ್ದು ಒಂದೇ ಅಳತೆ: ಊರಿಗೆ ಬಂದ ಕಾಗದವನ್ನು ಅವರ ಶಿಷ್ಯ ಓದಿ ಹೇಳಬಲ್ಲನೋ ಇಲ್ಲವೋ. ಓದಿದರೆ ಐಗಳ ಮನೆಗೆ ಹಬ್ಬಕ್ಕೆ ಅಕ್ಕಿ ಬೇಳೆ ಹೋಗುತ್ತಿತ್ತು, ಓದದಿದ್ದರೆ ಐಗಳೇ ಹೋಗುತ್ತಿದ್ದರು. ಎಷ್ಟು ಅವೈಜ್ಞಾನಿಕ ನೋಡಿ. ಮೇಷ್ಟ್ರನ್ನು ಅಳೆಯಲು ಮಗುವನ್ನು ನೋಡುವುದೆಂದರೆ ಏನು? ಈಗ ಹಾಗಿಲ್ಲ. ಈಗ ಮೇಷ್ಟ್ರನ್ನೇ ನೇರವಾಗಿ ಅಳೆಯುತ್ತಾರೆ, ಮಗುವಿಗೆ ತೊಂದರೆ ಕೊಡುವುದಿಲ್ಲ.

ಈ ಅಳತೆಗೆ ವೃತ್ತಿಪರ ಮಾನದಂಡ ಎಂದು ಹೆಸರು. ನಮ್ಮ ತಾಲ್ಲೂಕಿಗೆ ಅದು ಬಂದದ್ದು ಎರಡು ವರ್ಷಗಳ ಹಿಂದೆ. ನಮ್ಮದು ಯಾವ ತಾಲ್ಲೂಕೆಂದು ನಾನು ಹೇಳುವುದಿಲ್ಲ. ಗುಬ್ಬಿಯವರು ಓದಿದರೆ ಕುಣಿಗಲ್ ಎಂದುಕೊಳ್ಳಲಿ, ಕುಣಿಗಲಿನವರು ಓದಿದರೆ ಗುಬ್ಬಿ ಎಂದುಕೊಳ್ಳಲಿ, ಎರಡೂ ಕಡೆ ನೆಂಟರಿದ್ದಾರೆ. ಮಾನದಂಡದ ಪ್ರಕಾರ ಮೇಷ್ಟ್ರುಗಳಲ್ಲಿ ನಾಲ್ಕು ಮಟ್ಟ: ಆರಂಭಿಕ, ಪ್ರವೀಣ, ನಿಪುಣ, ಮಾರ್ಗದರ್ಶಿ. ಸೇವೆಯ ವರ್ಷ ನೋಡಿ ನಮ್ಮಂಥ ಹಳಬರನ್ನು ಮೊದಲ ದಿನವೇ ನಿಪುಣ ಮಟ್ಟದಲ್ಲಿ ಕೂರಿಸಿದ್ದರು. ನೇಮಕವಾದ ದಿನದಿಂದ ನಿವೃತ್ತಿಯ ದಿನದವರೆಗೆ ಪ್ರತಿಯೊಬ್ಬರೂ ಕಲಿಯುತ್ತಲೇ ಇರಬೇಕು, ಕಲಿತು ಏರುತ್ತಲೇ ಇರಬೇಕು. ಕಲಿಯುವುದು ಫೋನಿನಲ್ಲಿ. ವಿಡಿಯೋ ನೋಡಬೇಕು, ಪ್ರಶ್ನೆಗೆ ಉತ್ತರ ಗುರುತು ಮಾಡಬೇಕು, ಕೊನೆಗೆ 'ಈ ಕೋರ್ಸಿನಿಂದ ನನ್ನ ಬೋಧನೆ ಹೇಗೆ ಬದಲಾಯಿತು' ಎಂದು ಆತ್ಮಾವಲೋಕನ ಬರೆಯಬೇಕು. ಆದೇಶ ಬಂದ ದಿನ ನಮ್ಮ ಮುಖ್ಯೋಪಾಧ್ಯಾಯಿನಿ ಗಿರಿಜಮ್ಮ ಮೇಡಂ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸವಿತಾ ಎಲ್ಲಿ?" ಅಂದರು.

ಈಗ ಸವಿತಾಳ ಬಗ್ಗೆ ಹೇಳಬೇಕು. ಅವಳು ನಮ್ಮ ಶಾಲೆಯ ಅತಿಥಿ ಶಿಕ್ಷಕಿ. ಗೂಳೂರಿನವಳು, ದಿನಾ ಸ್ಕೂಟಿಯಲ್ಲಿ ಬರುತ್ತಾಳೆ. ನನ್ನ ಮಗಳ ವಯಸ್ಸಾದ್ದರಿಂದ ನಾನು ಸಲುಗೆಯಿಂದ ಅವಳು, ಇವಳು ಎನ್ನುತ್ತೇನೆ. ಇಲಾಖೆ ಅಷ್ಟೂ ಅನ್ನುವುದಿಲ್ಲ. ಅತಿಥಿ ಎಂಬ ಪದವನ್ನು ಇಲಾಖೆ ಬಹಳ ಯೋಚಿಸಿಯೇ ಇಟ್ಟಿದೆ. ಬಂದವರು ಎಂದಾದರೂ ಹೋಗಲೇಬೇಕೆಂಬ ಸೂಚನೆ ಅದರಲ್ಲೇ ಇದೆ. ವರ್ಷವರ್ಷವೂ ಜೂನಿನಲ್ಲಿ ಕರೆಸಿಕೊಂಡು ಬೇಸಿಗೆ ರಜಕ್ಕೆ ಮುಂಚೆ ಕಳಿಸುವ ಅತಿಥಿ ಅವಳು. ಒಂದರಿಂದ ಮೂರನೆಯ ತರಗತಿಯ ಹದಿನಾಲ್ಕು ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಓದುಬರಹ ಕಲಿಸುವುದು ಅವಳ ಕೆಲಸ. ನಮ್ಮ ಶಾಲೆಯಲ್ಲಿ ಅತ್ಯಂತ ಕಷ್ಟದ ಕೆಲಸ ಅದೇ ಆದ್ದರಿಂದ ಖಾಯಂ ಶಿಕ್ಷಕರಾದ ನಾವು ನಾಲ್ವರೂ ದೊಡ್ಡ ಮನಸ್ಸು ಮಾಡಿ ಅದನ್ನು ಅವಳಿಗೆ ಬಿಟ್ಟುಕೊಟ್ಟಿದ್ದೆವು.

ಸವಿತಾಳಿಗೆ ಫೋನು ಚೆನ್ನಾಗಿ ಗೊತ್ತು. ಹಾಗಾಗಿ ನಮ್ಮ ವೃತ್ತಿಪರ ಅಭಿವೃದ್ಧಿಯನ್ನೂ ಅವಳಿಗೇ ವಹಿಸಿದೆವು. ಇದು ನಮ್ಮ ಶಾಲೆಯೊಂದರ ಆವಿಷ್ಕಾರವೆಂದು ನಾನು ಹೇಳಲಾರೆ, ಸುತ್ತಮುತ್ತ ಪ್ರತಿ ಶಾಲೆಗೂ ಒಬ್ಬ ಸವಿತಾ ಇದ್ದಳೆಂದು ಕೇಳಿದ್ದೇನೆ. ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ನಮ್ಮೆಲ್ಲರ ಪಾಸ್‌ವರ್ಡ್ ಬರೆದಿಟ್ಟಿದ್ದೆವು. ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ಸಿಬ್ಬಂದಿ ಕೊಠಡಿಯ ಉದ್ದ ಮೇಜಿನ ಮೇಲೆ ನಾಲ್ಕು ಫೋನುಗಳು ಸಾಲಾಗಿ ಮಲಗುತ್ತಿದ್ದವು. ನಾಲ್ಕರಲ್ಲೂ ಅದೇ ವಿಡಿಯೋ ಓಡುತ್ತಿತ್ತು. ಸವಿತಾ ಒಂದು ಕೈಯಲ್ಲಿ ಮಕ್ಕಳ ಕಾಪಿ ತಿದ್ದುತ್ತಾ ಇನ್ನೊಂದು ಕೈಯಲ್ಲಿ ನಮ್ಮನ್ನು ಅಭಿವೃದ್ಧಿಪಡಿಸುತ್ತಿದ್ದಳು.

ಒಂದು ದಿನ ನೋಡಿದರೆ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತಿದ್ದಳು. "ಏನಮ್ಮಾ, ಹಾಡು ಕೇಳ್ತಾ ಇದೀಯಾ?" ಅಂದೆ.

"ಇಲ್ಲ ಸಾರ್, ನಿಮ್ ವಿಡಿಯೋನೇ. ನಾಲ್ಕರಲ್ಲೂ ಅದೇ ಅಲ್ವಾ, ಒಂದಕ್ಕೆ ಸೌಂಡ್ ಇಟ್ರೆ ಸಾಕು."

"ಕೇಳೋದೇನ್ ಬೇಕು, ಓಡಿದ್ರೆ ಆಯ್ತಲ್ಲ."

"ಚೆನ್ನಾಗಿದೆ ಸಾರ್," ಅಂದಳು, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ.

ಇಡೀ ತಾಲ್ಲೂಕಿನಲ್ಲಿ ಆ ವಿಡಿಯೋವನ್ನು ಧ್ವನಿ ಇಟ್ಟು ಕೇಳಿದ ಒಬ್ಬಳೇ ಶಿಕ್ಷಕಿ ಅವಳಿರಬೇಕು ಎಂದು ನನ್ನ ಊಹೆ. ಆದರೆ ಅವಳ ಹೆಸರಿನಲ್ಲಿ ಖಾತೆಯೇ ಇರಲಿಲ್ಲ. ಖಾತೆ ತೆರೆಯಲು ನೌಕರರ ಸಂಖ್ಯೆ ಬೇಕು, ಅತಿಥಿಗಳಿಗೆ ಆ ಸಂಖ್ಯೆ ಇರುವುದಿಲ್ಲ. ಜೀವನಪೂರ್ತಿ ಕಲಿಯಬೇಕೆಂಬ ನಿಯಮ ಖಾಯಂ ನೌಕರರಿಗೆ ಮಾತ್ರ. ಅಂತೂ ಅವಳು ನಾಲ್ವರ ಹೆಸರಿನಲ್ಲಿ ನಾಲ್ಕು ಸಲ ಕಲಿತು, ತನ್ನ ಹೆಸರಿನಲ್ಲಿ ಒಮ್ಮೆಯೂ ಕಲಿಯದೆ, ಮಾರನೆಯ ದಿನ ಅದನ್ನು ಮಕ್ಕಳ ಮೇಲೆ ಪ್ರಯೋಗಿಸುತ್ತಿದ್ದಳು. ಬೆಳಿಗ್ಗೆ ಹತ್ತಕ್ಕೆ ಹದಿನಾಲ್ಕು ಮಕ್ಕಳನ್ನೂ ಶಾಲೆಯ ಗೇಟಿನ ಒಳಗೆ ಸಾಲಾಗಿ ನಿಲ್ಲಿಸಿ, ರಸ್ತೆಯಲ್ಲಿ ಹೋಗುವ ಬಸ್ಸಿನ ಬೋರ್ಡು, ಆಟೋದ ಬೆನ್ನು, ಹಾಲಿನ ವ್ಯಾನಿನ ಪಕ್ಕೆ ಓದಿಸುತ್ತಿದ್ದಳು. ಪಾಠ ಬಿಟ್ಟು ಮಕ್ಕಳನ್ನು ರಸ್ತೆಗೆ ನಿಲ್ಲಿಸಿದ್ದಾಳಲ್ಲ ಎಂದು ನಾನು ಕಿಟಕಿಯಿಂದ ನೋಡಿ ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಹಾಗೆ ಓದಿಸಬೇಕೆಂದು ಹೇಳುವ ವಿಡಿಯೋ ನನ್ನ ಫೋನಿನಲ್ಲೇ ಓಡಿತ್ತೆಂಬುದು ನನಗೆ ಗೊತ್ತಿರಲಿಲ್ಲ.

ಹೀಗೆ ಸುಖವಾಗಿ ಬೆಳೆಯುತ್ತಿದ್ದಾಗ ಕಳೆದ ಅಕ್ಟೋಬರಿನಲ್ಲಿ ತುಮಕೂರಿನಿಂದ ಕರೆ ಬಂತು. ಆರಂಭಿಕ ಓದು ಕಲಿಸುವ ಕೋರ್ಸಿನಲ್ಲಿ ನನಗೆ ತೊಂಬತ್ತಾರು ಅಂಕ ಬಂದಿದೆಯಂತೆ. ತಾಲ್ಲೂಕಿಗೇ ಮೊದಲು. ನಾಲ್ವರಿಗೂ ಒಂದೇ ಅಂಕ ಬಂದರೆ ಅನುಮಾನ ಬರುತ್ತದೆಂದು ಉಳಿದ ಮೂವರನ್ನು ಸವಿತಾ ಅರವತ್ತರ ಆಚೀಚೆ ನಿಲ್ಲಿಸಿದ್ದಳು. ನನ್ನನ್ನು ಮಾರ್ಗದರ್ಶಿ ಮಟ್ಟಕ್ಕೆ ಏರಿಸಿದ್ದಾರೆ, ಸಭೆಗೆ ಬರಬೇಕು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ನಿಜ ಹೇಳಬೇಕೆಂದರೆ ಬಸ್ಸಿನಲ್ಲಿ ಹೋಗುವಾಗ ನನಗೂ ಸ್ವಲ್ಪ ಹಾಗೇ ಅನ್ನಿಸತೊಡಗಿತ್ತು. ಇಪ್ಪತ್ತೊಂಬತ್ತು ವರ್ಷದ ಅನುಭವ, ಎಲ್ಲೋ ಒಂದು ಕಡೆ ಫಲ ಕೊಟ್ಟಿರಬೇಕಲ್ಲ ಎಂದುಕೊಂಡೆ. ಉತ್ತರ ಗುರುತು ಮಾಡಿದವಳು ಸವಿತಾ ಎಂಬುದು ಬಸ್ ನಿಲ್ದಾಣ ಬರುವ ಹೊತ್ತಿಗೆ ಒಂದು ಸಣ್ಣ ತಾಂತ್ರಿಕ ವಿವರವಾಗಿಬಿಟ್ಟಿತ್ತು.

ಸಭೆಯಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ನನ್ನ ಆತ್ಮಾವಲೋಕನವನ್ನು ಎಲ್ಲರ ಮುಂದೆ ಓದಿದರು. ಅದನ್ನು ನಾನು ಮೊದಲ ಸಲ ಕೇಳಿದ್ದು ಅಲ್ಲೇ. 'ಮೊದಲು ಮಗು ಓದುವಾಗ ತಡವರಿಸಿದರೆ ತಕ್ಷಣ ಹೇಳಿಕೊಟ್ಟುಬಿಡುತ್ತಿದ್ದೆ. ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಈಗ ಕಾಯುತ್ತೇನೆ. ಕಾಯುವುದು ಕಷ್ಟ. ಆದರೆ ಕಾದರೆ ಮಗು ತಾನೇ ಓದುತ್ತದೆ, ಓದಿದ ಮೇಲೆ ನನ್ನ ಮುಖ ನೋಡುತ್ತದೆ. ಆ ನೋಟಕ್ಕಾಗಿ ನಾನು ಶಾಲೆಗೆ ಬರುತ್ತೇನೆ.' ಎಷ್ಟು ಚೆನ್ನಾಗಿ ಬರೆದಿದ್ದೇನೆ ಅನ್ನಿಸಿ ಕಣ್ಣು ಒದ್ದೆಯಾಯಿತು.

"ಈಗ ಸರ್ ಎರಡು ಮಾತು ಆಡ್ತಾರೆ," ಎಂದು ಮೈಕು ಕೊಟ್ಟರು. ಎದ್ದು ನಿಂತೆ. ಏನು ಹೇಳುವುದು? "ನಾನು... ಕಾಯ್ತೀನಿ," ಅಂದೆ. ಮುಂದೆ ಒಂದು ಪದವೂ ಹೊಳೆಯಲಿಲ್ಲ. ಮೈಕು ಹಿಡಿದು ಹಾಗೇ ನಿಂತೆ. ಅರ್ಧ ನಿಮಿಷ ಕಳೆದಿರಬೇಕು, ಸಂಪನ್ಮೂಲ ವ್ಯಕ್ತಿ ಭಾವುಕರಾಗಿ, "ನೋಡಿ, ಸರ್ ಬಾಯಲ್ಲಿ ಹೇಳ್ತಾ ಇಲ್ಲ, ಮಾಡಿ ತೋರಿಸ್ತಾ ಇದಾರೆ. ಇದೇ ಕಾಯೋದು ಅಂದ್ರೆ. ಸರ್‌ಗೆ ಒಂದು ಜೋರಾದ ಚಪ್ಪಾಳೆ," ಅಂದರು. ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಬಿದ್ದದ್ದು ಅದೊಂದೇ ಸಲ, ಅದೂ ನಾನು ಏನೂ ಮಾತಾಡದೇ ಇದ್ದದ್ದಕ್ಕೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯಲ್ಲಿದ್ದ ಎರಡು ಸೇಬನ್ನು ಮಾರನೆಯ ದಿನ ಸವಿತಾಳಿಗೆ ಕೊಟ್ಟೆ. ನನ್ನ ನ್ಯಾಯಬುದ್ಧಿ ಅಷ್ಟರಮಟ್ಟಿಗೆ ಜಾಗೃತವಾಗಿತ್ತು.

ಆಮೇಲೆ ಒಂದು ವಾರಕ್ಕೆ ಆದೇಶ ಬಂತು. ಇಲಾಖೆಗೆ ಈಗ ಎಲ್ಲ ಮಾಹಿತಿಯೂ ಪರದೆಯ ಮೇಲೆ ಸಿಗುತ್ತದೆ. ನಮ್ಮ ಶಾಲೆಯ ಹೆಸರು ಒತ್ತಿದರೆ ಆರಂಭಿಕ ಓದು ಕಲಿಸುವುದರಲ್ಲಿ ಮಾರ್ಗದರ್ಶಿ ಮಟ್ಟದ ಖಾಯಂ ಶಿಕ್ಷಕರೊಬ್ಬರು ಇದ್ದಾರೆಂದು ತೋರಿಸುತ್ತದೆ. ಅಂಥವರು ಇರುವಾಗ ಕಿರಿಯ ತರಗತಿಗಳಿಗೆ ಅತಿಥಿ ಶಿಕ್ಷಕಿ ಯಾಕೆ? ಆದ್ದರಿಂದ ಸದರಿ ಅತಿಥಿ ಹುದ್ದೆಯನ್ನು ಅಗತ್ಯವಿರುವ ಇನ್ನೊಂದು ಶಾಲೆಗೆ ವರ್ಗಾಯಿಸಿದೆ, ತಿಂಗಳ ಕೊನೆಗೆ ಹಾಲಿ ಅತಿಥಿ ಶಿಕ್ಷಕಿಯನ್ನು ಬಿಡುಗಡೆ ಮಾಡಿ, ಒಂದರಿಂದ ಮೂರನೆಯ ತರಗತಿಯನ್ನು ಸದರಿ ಮಾರ್ಗದರ್ಶಿ ಶಿಕ್ಷಕರಿಗೆ ವಹಿಸತಕ್ಕದ್ದು. ಇನ್ನೊಂದು ಶಾಲೆಯವರು ತಮ್ಮೂರಿನ ಹುಡುಗಿಯೊಬ್ಬಳನ್ನು ಆಗಲೇ ಗೊತ್ತು ಮಾಡಿಕೊಂಡಿದ್ದರು. ನನಗೆ ತೊಂಬತ್ತಾರು ಅಂಕ ತೆಗೆದುಕೊಟ್ಟು ಸವಿತಾ ತನ್ನ ಕೆಲಸವನ್ನು ತಾನೇ ಕಳೆದುಕೊಂಡಿದ್ದಳು.

ಗಿರಿಜಮ್ಮ ಮೇಡಂ ಆದೇಶ ಓದಿ ಮುಗಿಸಿದಾಗ ಕೊಠಡಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಸವಿತಾ ಮಾತ್ರ ಸ್ವಲ್ಪ ನಕ್ಕಳು.

"ಅರವತ್ತು ತೆಗೀಬೇಕಿತ್ತು ಅಲ್ವಾ ಸಾರ್," ಅಂದಳು. "ಕಮ್ಮಿ ಬಂದ್ರೆ ನೀವು ಬೇಜಾರ್ ಮಾಡ್ಕೋತೀರ ಅಂತ ಸರಿಯಾಗಿ ಬರ್ದೆ."

"ನಾನ್ ಹೋಗಿ ನಿಜ ಹೇಳ್ಬುಡ್ತೀನಿ ಕಣಮ್ಮಾ," ಅಂದೆ.

"ಬೇಡ ಸಾರ್. ಬರೆದವ್ಳು ಯಾರು ಅಂತ ಕೇಳ್ತಾರೆ. ಆಮೇಲೆ ಮುಂದಿನ್ ವರ್ಷ ಯಾವ ಶಾಲೇಲೂ ನನ್ನ ತಗೊಳ್ಳಲ್ಲ."

ಗಿರಿಜಮ್ಮ ಮೇಡಂ ಅದನ್ನೇ ಇನ್ನೂ ವಿಶಾಲ ದೃಷ್ಟಿಯಿಂದ ನೋಡಿದರು. "ನಿಮ್ದು ಹೊರಗ್ ಬಂದ್ರೆ ನಮ್ದೂ ಬರುತ್ತೆ ಮೇಷ್ಟ್ರೇ. ಸುಮ್ನಿರಿ," ಅಂದರು. ನಾನು ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನಾನು ಎಂಥವನೆಂದು ತುಮಕೂರಿನಲ್ಲಿ ಆಗಲೇ ಸಾಬೀತಾಗಿತ್ತಲ್ಲ. ತಿಂಗಳ ಕೊನೆಯ ದಿನ ಸವಿತಾ ತನ್ನ ಚಾರ್ಟು, ಮಣಿಸರ, ಅಕ್ಷರದ ಕಾರ್ಡುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಜೋಡಿಸಿ ನನಗೆ ಒಪ್ಪಿಸಿ ಹೋದಳು. ಯಾವ ಮಗುವಿಗೆ ಎಲ್ಲಿ ತೊಡಕು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಮಾರ್ಗದರ್ಶಿಗೆ ಅದೆಲ್ಲ ಯಾಕೆಂದು ನಾನು ಅದನ್ನು ತೆರೆಯಲಿಲ್ಲ.

ಸೋಮವಾರ ತರಗತಿಗೆ ಹೋದೆ. ಮೊದಲು ಹದಿನಾಲ್ಕು ಮಕ್ಕಳನ್ನೂ ಕೈ ಕಟ್ಟಿಸಿ ಕೂರಿಸಿದೆ, ಅದು ನನಗೆ ಬರುತ್ತದೆ. ಎರಡು ನಿಮಿಷಕ್ಕೆ ಆ ಪಾಠ ಮುಗಿಯಿತು. ಮುಂದೇನು ಎಂದು ಅವರು ನನ್ನನ್ನು ನೋಡಿದರು, ನಾನು ಗಡಿಯಾರ ನೋಡಿದೆ. ಒಬ್ಬ ಉಚ್ಚೆಗೆ ಎಂದು ಎದ್ದ, ಅವನ ಹಿಂದೆ ಐದು ಜನ ಎದ್ದರು. ಒಬ್ಬಳು ಅತ್ತಳು, ಯಾಕೆಂದು ಕೇಳಿದರೆ ಇನ್ನೂ ಜೋರಾಗಿ ಅತ್ತಳು. ಆರನೆಯ ತರಗತಿಗೆ ಹೊಯ್ಸಳರ ಬಗ್ಗೆ ಕಣ್ಣು ಮುಚ್ಚಿಕೊಂಡು ಮುಕ್ಕಾಲು ಗಂಟೆ ಹೇಳಬಲ್ಲವನಿಗೆ ಆರು ವರ್ಷದ ಮಗುವಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಹತ್ತು ಗಂಟೆಯಾಗುತ್ತಲೇ ಮಕ್ಕಳು ತಾವಾಗಿಯೇ ಎದ್ದು ಗೇಟಿನ ಕಡೆ ನಡೆದರು. ನಾನು ಅವರ ಹಿಂದೆ ಹೋದೆ.

ಎರಡನೆಯ ತರಗತಿಯ ಚೈತ್ರಾ ಎಂಬ ಸಣ್ಣ ಹುಡುಗಿ ನನ್ನ ಪಕ್ಕದಲ್ಲಿ ನಿಂತಿದ್ದಳು. ಒಂದು ಆಟೋ ಬಂದು ಎದುರಿನ ಅಂಗಡಿಯ ಮುಂದೆ ನಿಂತಿತು. ಅದರ ಬೆನ್ನ ಮೇಲೆ 'ತಂದೆ ತಾಯಿ ಆಶೀರ್ವಾದ' ಎಂದಿತ್ತು. ಚೈತ್ರಾ ಬೆರಳು ತೋರಿಸಿ, "ತಂ... ದೆ... ತಾಯಿ... ಆ..." ಎಂದು ನಿಂತಳು. "ಆಶೀರ್ವಾದ," ಅಂದೆ ನಾನು. ಅವಳು ಬೆರಳು ಕೆಳಗಿಳಿಸಿದಳು. ಬಸ್ಸು ಬಂತು, "ತು..." ಅಂದಳು, "ತುಮಕೂರು," ಅಂದೆ. ಹಾಲಿನ ವ್ಯಾನು ಬಂತು, ಅವಳು ಬಾಯಿ ತೆರೆಯುವ ಮುಂಚೆಯೇ ನಾನು ಓದಿ ಮುಗಿಸಿದೆ. ಗುರುವಾರದ ಹೊತ್ತಿಗೆ ವಾಹನ ಬಂದರೆ ಹದಿನಾಲ್ಕು ಮಕ್ಕಳೂ ರಸ್ತೆಯ ಕಡೆ ನೋಡದೆ ನನ್ನ ಬಾಯಿಯ ಕಡೆ ನೋಡತೊಡಗಿದರು. ನಾನು ಓದುತ್ತಿದ್ದೆ, ಅವರು ಒಟ್ಟಾಗಿ ಹೇಳುತ್ತಿದ್ದರು. ನೋಡಿದವರಿಗೆ ಬಹಳ ಚೆನ್ನಾಗಿ ನಡೆಯುತ್ತಿದೆ ಅನ್ನಿಸಬೇಕು, ಹಾಗೆ.

ಶುಕ್ರವಾರ ಚೈತ್ರಾ ಗೇಟಿಗೆ ಬರಲಿಲ್ಲ. ಒಳಗೆ ಗೋಡೆಗೆ ಒರಗಿ ಕೂತಿದ್ದಳು. "ಯಾಕೆ ಪುಟ್ಟಾ, ಬಸ್ ಓದಲ್ವಾ?" ಅಂದೆ.

"ನೀವೇ ಓದ್ತೀರಲ್ಲ ಸಾರ್," ಅಂದಳು. ಸಿಟ್ಟೇನೂ ಇರಲಿಲ್ಲ ಆ ಮಾತಿನಲ್ಲಿ. ಓದುವವರು ಒಬ್ಬರು ಇದ್ದಾರಲ್ಲ, ಇನ್ನು ತಾನೇಕೆ ಎಂದಷ್ಟೇ ಅರ್ಥ.

ನನಗೆ ನಾಚಿಕೆಯಾಯಿತು. ಇದನ್ನು ತಮಾಷೆ ಮಾಡಿ ದಾಟಿಸುವ ಉಪಾಯ ಈಗಲೂ ನನಗೆ ಹೊಳೆದಿಲ್ಲ. ಎರಡು ವರ್ಷ ನನ್ನ ಫೋನು ಮೇಜಿನ ಮೇಲೆ ಮಲಗಿತ್ತು, ಇನ್ನೊಬ್ಬರು ನನ್ನ ಬದಲು ಓದುತ್ತಿದ್ದರು, ನಾನು ಗೋಡೆಗೆ ಒರಗಿ ಕೂತಿದ್ದೆ. ಈಗ ಅದನ್ನೇ ನಾನು ಈ ಮಗುವಿಗೆ ಮಾಡುತ್ತಿದ್ದೆ. ವ್ಯತ್ಯಾಸವೆಂದರೆ ನನಗೆ ಅದಕ್ಕೆ ಶಾಲು ಸಿಕ್ಕಿತ್ತು, ಅವಳಿಗೆ ಏನೂ ಸಿಗುವುದಿಲ್ಲ. ಇನ್ನೆರಡು ವರ್ಷ ನಾನು ಹೀಗೇ ಓದಿ ಹೇಳುತ್ತಾ ಹೋದರೆ ಅವಳು ನಾಲ್ಕನೆಯ ತರಗತಿಗೆ ಹೋಗುವಾಗಲೂ 'ಆ' ಎಂಬಲ್ಲೇ ನಿಂತಿರುತ್ತಾಳೆ. ಅಂದು ಮಧ್ಯಾಹ್ನ ಅರ್ಧ ದಿನ ರಜೆ ಬರೆದು ತಾಲ್ಲೂಕಿನ ಶಿಕ್ಷಣ ಕಚೇರಿಗೆ ಹೋದೆ.

ಸಾಹೇಬರು ಒಳ್ಳೆಯವರು, ನನಗಿಂತ ಹತ್ತು ವರ್ಷ ಚಿಕ್ಕವರು. ಪರೀಕ್ಷೆ ನಾನು ಬರೆದದ್ದಲ್ಲ, ನನ್ನ ಪ್ರಮಾಣಪತ್ರವನ್ನು ವಾಪಸು ತೆಗೆದುಕೊಳ್ಳಿ ಎಂದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಯಾರು ಬರ್ದಿದ್ದು?"

"ಅದನ್ನ ಕೇಳ್ಬೇಡಿ ಸಾರ್. ತಪ್ಪು ನಂದು, ನನ್ನ ಹೆಸ್ರು ಮಾತ್ರ ಬರ್ಕೊಳ್ಳಿ."

"ಎಷ್ಟ್ ಸರ್ವೀಸ್ ಇದೆ ಇನ್ನ?"

"ಎರಡು ವರ್ಷ."

"ಎರಡೇ ವರ್ಷಕ್ಕೆ ಯಾಕ್ ಬೇಕಿತ್ತು ಮೇಷ್ಟ್ರೇ ನಿಮ್ಗಿದು? ಈ ವಿಷ್ಯ ಶುರು ಮಾಡಿದ್ರೆ ಎಲ್ಲಿಗ್ ಹೋಗಿ ನಿಲ್ಲುತ್ತೆ ಗೊತ್ತಾ?" ಅಂದವರು, ಮೇಜಿನ ಮೇಲೆ ಮಲಗಿದ್ದ ತಮ್ಮ ಫೋನನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಅದೇಕೆಂದು ನಾನು ಕೇಳಲಿಲ್ಲ. ಆಮೇಲೆ ಕಂಪ್ಯೂಟರಿನವನನ್ನು ಕರೆಸಿದರು. ಪ್ರಮಾಣಪತ್ರ ವಾಪಸು ಪಡೆಯುವ ವ್ಯವಸ್ಥೆಯೇ ಅದರಲ್ಲಿ ಇಲ್ಲವೆಂದು ಅವನು ಹೇಳಿದ. ಮೇಷ್ಟ್ರು ಕಲಿಯುವುದನ್ನು ಮಾತ್ರ ಊಹಿಸಿಕೊಂಡು ಮಾಡಿದ ವ್ಯವಸ್ಥೆ ಅದು, ಕಲಿತಿಲ್ಲವೆಂದು ಒಬ್ಬ ಬಂದು ಹೇಳಿಕೊಳ್ಳಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಆದರೆ ಅಂಕ ಹೆಚ್ಚಿಸಿಕೊಳ್ಳಲು ಬಯಸುವವರು ಪರೀಕ್ಷೆಯನ್ನು ಮತ್ತೊಮ್ಮೆ ಬರೆಯಬಹುದಂತೆ. ಕೊನೆಗೆ ಬಂದ ಅಂಕವೇ ಲೆಕ್ಕ.

"ಹಂಗಾದ್ರೆ ಇಲ್ಲೇ ಕೂತು ಬರೀರಿ," ಅಂದರು ಸಾಹೇಬರು.

ತಪ್ಪು ಉತ್ತರಗಳನ್ನೇ ಗುರುತು ಮಾಡಿ ಎದ್ದು ಬರಬೇಕೆಂದು ನಿಶ್ಚಯಿಸಿ ಕೂತೆ. ಸವಿತಾಳ ಕೆಲಸ ಉಳಿಯಬೇಕಾದರೆ ನಾನು ನಪಾಸಾಗಬೇಕು, ಅಷ್ಟೇ ತಾನೆ. ಆದರೆ ಮೊದಲ ಪ್ರಶ್ನೆ ಓದುತ್ತಿದ್ದಂತೆ ನನ್ನೊಳಗಿನ ಇಪ್ಪತ್ತೊಂಬತ್ತು ವರ್ಷದ ಮೇಷ್ಟ್ರು ಎದ್ದು ಕೂತ. ಇಷ್ಟೂ ಗೊತ್ತಿಲ್ಲವೇ ನನಗೆ ಎಂಬ ಹಟ ಬಂತು. ಬೇಕೆಂದೇ ತಪ್ಪು ಬರೆಯುವ ಯೋಚನೆ ಬಿಟ್ಟು, ಕನ್ನಡಕ ಒರೆಸಿಕೊಂಡು, ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಓದಿ, ಮನಸ್ಸಿಟ್ಟು ಬರೆದೆ. ಮೂವತ್ತನಾಲ್ಕು ಬಂತು.

"ಇಂಪ್ರೂವ್‌ಮೆಂಟ್ ಬರ್ದು ಕೆಳಗಿಳ್ದವ್ರು ನೀವೇ ಫಸ್ಟು ಸಾರ್," ಅಂದ ಕಂಪ್ಯೂಟರಿನವನು.

ಸಾಹೇಬರು ಪರದೆ ನೋಡಿ ಮೆಲ್ಲಗೆ, "ಬೇಕಂತ ತಪ್ಪು ಬರ್ದ್ರಾ ಮೇಷ್ಟ್ರೇ? ಪರವಾಗಿಲ್ಲ, ಹೇಳಿ," ಅಂದರು.

"ಹೂಂ ಸಾರ್," ಅಂದೆ. ಆ ಕಚೇರಿಯಲ್ಲಿ ಅಂದು ನಾನು ಹೇಳಿದ ಒಂದೇ ಸುಳ್ಳು ಅದು.

ಪರದೆಯಲ್ಲಿ ನಾನು ಮಾರ್ಗದರ್ಶಿಯಿಂದ ಆರಂಭಿಕನಾದೆ. ಮಧ್ಯೆ ಎಲ್ಲೂ ನಿಲ್ಲದೆ ನೇರವಾಗಿ ಕೆಳಗೆ ಬಂದೆ. ನಮ್ಮ ಶಾಲೆಯ ಕಿರಿಯ ತರಗತಿಗಳಿಗೆ ಅರ್ಹ ಶಿಕ್ಷಕರಿಲ್ಲವೆಂದು ಪರದೆ ಈಗ ಕೆಂಪು ಬಣ್ಣದಲ್ಲಿ ತೋರಿಸತೊಡಗಿತು. ಹಾಗೆ ತೋರಿಸಿದ ಮೇಲೆ ಅತಿಥಿ ಶಿಕ್ಷಕಿಯನ್ನು ಕೊಡದೆ ವಿಧಿಯಿಲ್ಲ. ಅದಕ್ಕೂ ಮೂರು ವಾರ ಹಿಡಿಯಿತು. ಅಷ್ಟರಲ್ಲಿ, ತಮ್ಮ ಸಾಮರ್ಥ್ಯ ಒಂದೇ ದಿನದಲ್ಲಿ ತೊಂಬತ್ತಾರರಿಂದ ಮೂವತ್ತನಾಲ್ಕಕ್ಕೆ ಇಳಿಯಲು ಕಾರಣವೇನೆಂದು ವಿವರಣೆ ಕೋರಿ ನನಗೊಂದು ನೋಟಿಸು ಬಂತು. 'ಉತ್ತರ ಗೊತ್ತಿರಲಿಲ್ಲ' ಎಂದು ಬರೆದು ಕಳಿಸಿದೆ. ಸೇವೆಗೆ ಸೇರಿದ ಮೇಲೆ ಇಲಾಖೆಗೆ ನಾನು ಬರೆದ ಅತ್ಯಂತ ಚಿಕ್ಕ ಪತ್ರ ಅದೇ. ಗಿರಿಜಮ್ಮ ಮೇಡಂ ನನ್ನೊಡನೆ ಮಾತು ಬಿಟ್ಟರು. ಉಳಿದಿಬ್ಬರು ಸದ್ದಿಲ್ಲದೆ ಹಾಜರಿ ಪುಸ್ತಕದ ಕೊನೆಯ ಹಾಳೆಯನ್ನು ಹರಿದು ಹಾಕಿದರು.

ಸವಿತಾ ವಾಪಸು ಬಂದ ದಿನ ಹದಿನಾಲ್ಕು ಮಕ್ಕಳೂ ಅವಳ ಸ್ಕೂಟಿಯ ಸುತ್ತ ನಿಂತಿದ್ದರು. ನಾನು ಡಬ್ಬಿಯನ್ನು ತಂದು ಕೊಟ್ಟೆ. ಮೂವತ್ತನಾಲ್ಕು ಎಂದು ಅವಳಿಗೆ ಯಾರೋ ಹೇಳಿದ್ದರು. "ನನಗೋಸ್ಕರ ಹಂಗ್ ಮಾಡಿದ್ರಾ ಸಾರ್?" ಎಂದು ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಹೌದು ಅಂದುಬಿಟ್ಟರೆ ಇನ್ನೊಂದು ಶಾಲು ಹೊದ್ದ ಹಾಗೆ. ಅದು ನನ್ನಿಂದಾಗಲಿಲ್ಲ.

"ಇಲ್ಲ ಕಣಮ್ಮಾ. ಸರಿಯಾಗೇ ಬರೆಯೋಕ್ ನೋಡ್ದೆ. ಬಂದಿದ್ದೇ ಅಷ್ಟು," ಅಂದೆ. "ನೀನು ಪಾಠ ಮಾಡೋವಾಗ ನಾನು ಹಿಂದೆ ಕೂತ್ಕೋಬಹುದಾ?"

ಅವಳು ಸ್ವಲ್ಪ ಯೋಚಿಸಿದಳು. "ಕೂತ್ಕೊಳ್ಳಿ ಸಾರ್. ಆದ್ರೆ ಮಧ್ಯ ಮಾತಾಡ್ಬಾರ್ದು," ಅಂದಳು.

ಈಗ ಬೆಳಗಿನ ಮೊದಲ ಅವಧಿ ನನಗೆ ಬಿಡುವಿರುವ ದಿನಗಳಲ್ಲಿ ಹೋಗಿ ಗೋಡೆಯ ಪಕ್ಕ ಕೂರುತ್ತೇನೆ. ಮೊಣಕಾಲು ನೋವಿರುವುದರಿಂದ ಕೆಳಗೆ ಕೂರಲು ಒಂದು ನಿಮಿಷ, ಏಳಲು ಎರಡು ನಿಮಿಷ ಬೇಕು. ಮಗು ತಡವರಿಸಿದಾಗ ನಾಲಿಗೆ ತಾನಾಗಿ ಮುಂದೆ ಬರುತ್ತದೆ, ಹಲ್ಲು ಕಚ್ಚಿ ಹಿಡಿಯುತ್ತೇನೆ. ಸವಿತಾ ಕಾಯುವುದನ್ನು ನೋಡುತ್ತೇನೆ. ಅವಳು ಸುಮ್ಮನೆ ನಿಂತಿರುವುದಿಲ್ಲ, ಆ ಮಗುವಿನ ಜೊತೆಗೇ ನಿಂತಿರುತ್ತಾಳೆ. ಆ ವ್ಯತ್ಯಾಸ ನನಗೆ ಗೊತ್ತಾಗಲು ಎರಡು ವಾರ ಬೇಕಾಯಿತು.

ಮೊನ್ನೆ ಮಾನದಂಡದ ಪುಸ್ತಕವನ್ನು ಮೊದಲ ಸಲ ತೆರೆದು ಓದಿದೆ. ಆರಂಭಿಕ ಮಟ್ಟದಲ್ಲಿರುವವರು ಅದರ ಮೇಲಿನ ಮಟ್ಟಕ್ಕೆ ಅರ್ಜಿ ಹಾಕಲು ಕನಿಷ್ಠ ಮೂರು ವರ್ಷ ಕಾಯಬೇಕಂತೆ. ನನಗೆ ಉಳಿದಿರುವುದು ಎರಡು. ಅಂದರೆ ಇನ್ನು ನಾನು ಎಷ್ಟೇ ಕಲಿತರೂ ಪ್ರವೀಣನಾಗುವ ಅಪಾಯವಿಲ್ಲ, ಯಾರೂ ನನಗೆ ಪ್ರಮಾಣಪತ್ರ ಕೊಡಲಾರರು, ಸಭೆಗೆ ಕರೆಯಲಾರರು. ಇಪ್ಪತ್ತೊಂಬತ್ತು ವರ್ಷ ಒಂದಾದ ಮೇಲೊಂದು ತರಬೇತಿಯಲ್ಲೇ ಕಳೆದುಹೋಯಿತು. ಈಗ ಕಲಿಯುವುದಕ್ಕೆ ಸ್ವಲ್ಪ ಪುರುಸೊತ್ತಾಗಿದೆ.